ಗ್ರಂಥಾಲಯದ ಆರು ಪೈಸೆ

ಕಳೆದ ವರ್ಷ ಮನೆಯ ಕರವನ್ನು ತುಂಬಲೆಂದು ನಾನು ನಮ್ಮೂರ ಪೌರಸಭೆಯ ಕಚೇರಿಗೆ ಹೋಗಿದ್ದೆನು. ಕಿಟಕಿಯ ಹಿಂದಿದ್ದ ಗುಮಾಸ್ತರು ದುಡ್ಡನ್ನು ಎಣಿಸಿಕೊಂಡು ರಸೀದಿಯನ್ನು ಕೈಗಿತ್ತರು. ಕೈಗೆ ಬಂದ ಕಾಗದವನ್ನು ಕೊನೆಯ ಸಾಲಿನವರೆಗೂ ಓದದೆ ಮಡಿಚಿ ಜೇಬಿಗಿಡುವದು ವಕೀಲಿ ಮಾಡುವವನಿಂದ ಆಗದ ಮಾತು. ಅಲ್ಲಿಯೇ ಗೋಡೆಗೆ ಒರಗಿ ನಿಂತು ಓದಿದೆನು. ಕಟ್ಟಡದ ತೆರಿಗೆಯ ಕೆಳಗೆ ಮೂರು ಸಣ್ಣ ಸಾಲುಗಳಿದ್ದವು: ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ತೆರಿಗೆಯ ರೂಪಾಯಿಗೆ ಕ್ರಮವಾಗಿ ಹದಿನೈದು ಪೈಸೆ, ಆರು ಪೈಸೆ, ಮೂರು ಪೈಸೆ. ಪುಸ್ತಕವೂ ಭಿಕ್ಷುಕನೂ ಒಂದೇ ರಸೀದಿಯಲ್ಲಿ ಮೇಲೆ ಕೆಳಗೆ ಕುಳಿತಿರುವದನ್ನು ಕಂಡು ನನಗೆ ಮೊದಲು ನಗು ಬಂದಿತು. ಆಮೇಲೆ ನಗು ಬರಲಿಲ್ಲ.

ಗುಮಾಸ್ತರನ್ನು ವಿನಯದಿಂದಲೇ ಕೇಳಿದೆನು: ಹೀಗೆ ಗ್ರಂಥಾಲಯದ ಹೆಸರಿನಿಂದ ಈ ಊರಲ್ಲಿ ವರ್ಷಕ್ಕೆಷ್ಟು ಹಣ ಕೂಡುತ್ತದೆ, ಅದು ಗ್ರಂಥಾಲಯಕ್ಕೆ ಹೋಗಿ ಮುಟ್ಟುವದು ಯಾವಾಗ? ಅವರು ಇನ್ನೊಂದು ಮೇಜನ್ನು ತೋರಿಸಿದರು; ಆ ಮೇಜಿನವರು ಮೂರನೆಯದನ್ನು ತೋರಿಸಿದರು; ಮೂರನೆಯ ಮೇಜಿನವರು ರಜೆಯ ಮೇಲಿದ್ದರು. ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿರುವ ಸಾರ್ವಜನಿಕ ವಾಚನಾಲಯಕ್ಕೆ ನಡೆದು ಅದೇ ಪ್ರಶ್ನೆಯನ್ನು ಕೇಳಿದೆನು. ಅಲ್ಲಿಯ ಮೇಲ್ವಿಚಾರಕರು ಉತ್ತರವಾಗಿ ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದು, ಸೋರುವ ಮಾಳಿಗೆಯ ಕೆಳಗೆ ತಾಡಪತ್ರಿಯನ್ನು ಹೊದ್ದುಕೊಂಡು ಕುಳಿತಿರುವ ಕಪಾಟುಗಳನ್ನು ತೋರಿಸಿದರು. ಹಿಂದೆ ಎಂಟು ದಿನಪತ್ರಿಕೆಗಳು ಬರುತ್ತಿದ್ದವೆಂದೂ ಈಗ ಐದಕ್ಕೆ ಇಳಿದಿವೆಯೆಂದೂ ಹೇಳಿದರು. ಇನ್ನೂರು ಹೆಜ್ಜೆಗಳ ಹಾದಿಯನ್ನು ನಡೆಯಲು ಈ ಆರು ಪೈಸೆಗೆ ಎಷ್ಟು ವರ್ಷಗಳು ಬೇಕು ಎಂಬದೇ ಈ ಲೇಖನದ ವಿಷಯವು.

ವಾಚಕ ಮಹಾಶಯರು ಇದನ್ನು ಒಂದೂರಿನ ಗೊಣಗಾಟವೆಂದು ತಿಳಿಯಬಾರದು. ಕನ್ನಡ ನಾಡು ಐದಾರು ಆಡಳಿತಗಳ ತುಂಡುಗಳಿಂದ 1956ರಲ್ಲಿ ಒಂದುಗೂಡಿತಷ್ಟೆ. ಕೂಡಿದ ನಾಡು ಒಂಬತ್ತು ವರ್ಷ ತುಂಬುವಷ್ಟರಲ್ಲಿ, ಅಂದರೆ 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ಮಾಡಿತು. ಮದ್ರಾಸು ಪ್ರಾಂತವು 1948ರಲ್ಲಿಯೂ ಹೈದರಾಬಾದು 1955ರಲ್ಲಿಯೂ ಇಂಥ ಕಾಯಿದೆಗಳನ್ನು ಮಾಡಿದ್ದವು; ಮಹಾರಾಷ್ಟ್ರವು ನಮಗಿಂತ ಎರಡು ವರ್ಷ ತಡಮಾಡಿತು. ನಮ್ಮ ಕಾಯಿದೆಯ ಜೀವಾಳವು ಈ ಕರದಲ್ಲಿದೆ. ಗ್ರಂಥಾಲಯವು ಯಾರೋ ಶ್ರೀಮಂತರ ದಾನದಿಂದಾಗಲಿ, ಯಾವನೋ ಮಂತ್ರಿಯ ಕೃಪೆಯಿಂದಾಗಲಿ ಬದುಕಬೇಕಾಗಿಲ್ಲ; ಮನೆಯುಳ್ಳ ಪ್ರತಿಯೊಬ್ಬ ನಾಗರಿಕನೂ ತನ್ನ ತೆರಿಗೆಯೊಡನೆ ಒಂದು ಅಂಶವನ್ನು ಅದಕ್ಕೆಂದೇ ಕೊಡತಕ್ಕದ್ದು; ಪೌರಸಭೆಯು ಅದನ್ನು ವಸೂಲು ಮಾಡಿ ಜಿಲ್ಲೆಯ ಇಲ್ಲವೆ ನಗರದ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸತಕ್ಕದ್ದು. ಎಂಥ ಸ್ವಾಭಿಮಾನದ ಏರ್ಪಾಡಿದು! ವಾಚನಾಲಯದ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುವ ಮುದುಕನು ಅಲ್ಲಿ ಅತಿಥಿಯಲ್ಲ, ಪಾಲುದಾರನು.

ಹಾಗಿದ್ದಮೇಲೆ ಪೌರಸಭೆಯ ಕೈಯಲ್ಲಿರುವ ಈ ಹಣವು ಯಾರದು? ನ್ಯಾಯಾಲಯದಲ್ಲಿ ದಿನಬೆಳಗಾದರೆ ಇಂಥ ಪ್ರಶ್ನೆಗಳನ್ನು ನಾವು ಕೇಳುತ್ತೇವೆ. ಅಣ್ಣನು ಊರಿಗೆ ಹೋಗುವ ನೆರೆಯವನ ಕೈಯಲ್ಲಿ ತಮ್ಮನಿಗೆಂದು ನೂರು ರೂಪಾಯಿ ಕೊಟ್ಟನು. ನೆರೆಯವನು ಅದರಿಂದ ತನ್ನ ಮನೆಯ ಹೆಂಚು ಬದಲಿಸಿದನು. ಹೆಂಚು ಬದಲಿಸುವದು ಒಳ್ಳೆಯ ಕೆಲಸವೇ. ಆದರೆ ದುಡ್ಡು ಅವನದಾಗಿರಲಿಲ್ಲ. ಪೌರಸಭೆಗಳೂ ಪಾಲಿಕೆಗಳೂ ಈ ವಿಷಯದಲ್ಲಿ ಕೇವಲ ವಸೂಲುಗಾರರು, ಒಡೆಯರಲ್ಲ. ಹೀಗಿದ್ದೂ ವಸೂಲಾದ ಗ್ರಂಥಾಲಯ ಕರವು ವರ್ಷಾನುವರ್ಷ ಬಾಕಿ ನಿಲ್ಲುವದು ನಾಡಿಗೆಲ್ಲ ಗೊತ್ತಿರುವ ಸಂಗತಿಯಾಗಿದೆ. ರಾಜಧಾನಿಯ ಮಹಾನಗರಪಾಲಿಕೆಯೊಂದೇ ಈ ಬಾಬಿನಲ್ಲಿ ನೂರಾರು ಕೋಟಿ ರೂಪಾಯಿಗಳನ್ನು ಉಳಿಸಿಕೊಂಡಿತ್ತೆಂಬದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಪ್ರಕಟವಾಗಿದೆ. 2025ರಲ್ಲಿ ಆ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಹುಟ್ಟಿದವು. ತಂದೆಯು ಸತ್ತಾಗ ಮಕ್ಕಳು ಹೊಲವನ್ನು ಹಂಚಿಕೊಂಡು ಸಾಲವನ್ನು ಮರೆಯುವದು ನಮ್ಮ ಕಡೆಯ ಹಳೆಯ ವಾಡಿಕೆ. ಇಲ್ಲಿಯೂ ಹಾಗಾಗದಂತೆ ಕಾಯುವವರಾರು?

ಇದಕ್ಕೊಂದು ಸಮಾಧಾನವನ್ನು ಹೇಳುವ ಪ್ರತಿಷ್ಠಿತರನ್ನು ನಾನು ಕಂಡಿದ್ದೇನೆ. ಊರಿನ ಗಟಾರಗಳು ತುಂಬಿ ಹರಿಯುತ್ತಿರುವಾಗ, ಬೀದಿಯ ದೀಪಗಳು ಆರಿರುವಾಗ, ಪುಸ್ತಕಗಳ ಮಾತೇಕೆ ಎಂದು ಅವರ ವಾದವು. ಮೇಲುನೋಟಕ್ಕೆ ಇದು ಬಡವರ ಪರವಾದ ವಾದದಂತೆ ಕಾಣುತ್ತದೆ. ಆದರೆ ಗಟಾರಕ್ಕಾಗಿ ತೆರಿಗೆಯ ಮೊದಲಿನ ಸಾಲು ಪೂರ್ತಿಯಾಗಿಯೇ ಇದೆ. ಆರೋಗ್ಯಕ್ಕೆಂದು ಬೇರೆ ಹದಿನೈದು ಪೈಸೆ ಇದೆ. ಅಷ್ಟನ್ನೂ ತೆಗೆದುಕೊಂಡು ಗಟಾರವನ್ನು ಸ್ವಚ್ಛಮಾಡಲಾರದವನು ಪುಸ್ತಕದ ಆರು ಪೈಸೆಯನ್ನೂ ಸೇರಿಸಿಕೊಂಡರೆ ಮಾಡುವನೆಂಬದಕ್ಕೆ ಸಾಕ್ಷ್ಯವೇನು? ಗಟಾರವು ತುಂಬಿಯೇ ಇದೆ, ಕಪಾಟು ಬರಿದಾಗಿಯೇ ಇದೆ. ಎರಡೂ ಕೆಟ್ಟಿರುವದನ್ನು ಕಣ್ಣಾರೆ ಕಾಣುತ್ತಿರುವಾಗ ಒಂದರ ಹೆಸರಿನಿಂದ ಇನ್ನೊಂದನ್ನು ಕೊಲ್ಲುವ ಈ ತರ್ಕವನ್ನು ಯಾವ ನ್ಯಾಯಾಧೀಶನೂ ಒಪ್ಪಲಾರನು.

ಇಷ್ಟನ್ನು ಹೇಳಿದ ಮೇಲೆ ನನ್ನ ಮನಸ್ಸಿಗೆ ಸಂತೋಷವನ್ನು ಕೊಟ್ಟ ಸಂಗತಿಯನ್ನೂ ಹೇಳದಿದ್ದರೆ ಪಕ್ಷಪಾತಿಯಾಗುವೆನು. ಪಟ್ಟಣದ ಗ್ರಂಥಾಲಯಗಳು ಹೀಗೆ ನರಳುತ್ತಿರುವಾಗ ಹಳ್ಳಿಯ ಗ್ರಂಥಾಲಯಗಳಲ್ಲಿ ಈಚೆಗೆ ಒಂದು ಚೈತನ್ಯವು ಕಾಣಿಸಿಕೊಂಡಿದೆ. 2019ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳನ್ನು, ಅವು ಐದೂವರೆ ಸಾವಿರಕ್ಕೂ ಮಿಕ್ಕಿದ್ದವು, ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಲಾಯಿತು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕಡತಗಳು ನಡೆದವು, ಇದರಲ್ಲೇನಿದೆ ಎಂದು ನನ್ನಂಥ ಸಂಶಯಗ್ರಸ್ತರು ಅಂದುಕೊಂಡಿದ್ದೆವು. ಆದರೆ 2020ರ ನವೆಂಬರಿನಲ್ಲಿ, ಕೊರೊನಾ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿ ಹಳ್ಳಿಯ ಮಕ್ಕಳು ಅಕ್ಷರವನ್ನೇ ಮರೆಯುತ್ತಿದ್ದ ಹೊತ್ತಿಗೆ, ‘ಓದುವ ಬೆಳಕು’ ಎಂಬ ಕಾರ್ಯಕ್ರಮವು ಆರಂಭವಾಯಿತು. ಆರರಿಂದ ಹದಿನೆಂಟು ವಯಸ್ಸಿನ ಮಕ್ಕಳಿಗೆ ಚಂದಾ ಇಲ್ಲದೆ ಸದಸ್ಯತ್ವ. ಅಂದಿನವರೆಗೆ ಗ್ರಂಥಾಲಯವೆಂದರೆ ಗಂಡಸರು ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುವ ಕಟ್ಟೆಯಾಗಿದ್ದಿತು. ಹೆಣ್ಣುಮಕ್ಕಳು ಅದರ ಬಾಗಿಲನ್ನು ದಾಟುತ್ತಿದ್ದುದು ಅಪೂರ್ವ. ಕಾಯಿದೆಯು ಐವತ್ತು ವರ್ಷಗಳಲ್ಲಿ ಮಾಡದ ಕೆಲಸವನ್ನು ಈ ಒಂದು ಬಾಗಿಲು ತೆರೆಯುವಿಕೆಯು ಮಾಡಿತು.

ಒಂದು ಹೊಲದ ಮೇರೆಯ ತಂಟೆಯ ಸಲುವಾಗಿ ಸ್ಥಳವನ್ನು ನೋಡಲೆಂದು ನಾನು ಒಂದು ಹಳ್ಳಿಗೆ ಹೋಗಬೇಕಾಯಿತು. ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಬಸ್ಸು ಬರಲು ಇನ್ನೂ ಒಂದು ತಾಸು ಇದ್ದಿತು. ಪಂಚಾಯತಿಯ ಕಟ್ಟಡದ ಪಕ್ಕದಲ್ಲಿ ‘ಅರಿವು ಕೇಂದ್ರ’ವೆಂಬ ಫಲಕವನ್ನು ಹೊತ್ತ ಒಂದು ಕೋಣೆ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಈಚೆಗೆ ಇಟ್ಟಿರುವ ಹೆಸರು ಅದು. ಹೆಸರು ಚೆನ್ನಾಗಿದೆ, ಬಸವಣ್ಣನವರ ನಾಡಿಗೆ ಒಪ್ಪುವಂಥದು. ಒಳಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳು ಚಾಪೆಯ ಮೇಲೆ ಕುಳಿತಿದ್ದರು. ಗೋಡೆಗಳ ಮೇಲೆ ಮಕ್ಕಳೇ ಬರೆದ ಚಿತ್ರಗಳು. ಮೂಲೆಯಲ್ಲಿ ಇಬ್ಬರು ಹುಡುಗರು ಚದುರಂಗವನ್ನು ಹೂಡಿದ್ದರು, ಒಬ್ಬನಿಗೆ ಕುದುರೆ ಹೇಗೆ ನಡೆಯುತ್ತದೆಂಬದು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. ಎಂಟು ವರ್ಷದ ಹುಡುಗಿಯೊಬ್ಬಳು, ಅಂಗಳದ ಮೆಟ್ಟಿಲ ಮೇಲೆ ಕುಳಿತಿದ್ದ ತನ್ನ ಅಜ್ಜಿಗೆ, ದಿನಪತ್ರಿಕೆಯಿಂದ ಉಳ್ಳಾಗಡ್ಡಿಯ ಧಾರಣೆಯನ್ನು ಬೆರಳಿಟ್ಟು ಓದಿ ಹೇಳುತ್ತಿದ್ದಳು. ಅಜ್ಜಿಯು ಧಾರಣೆಯನ್ನು ನಂಬಲಿಲ್ಲ, ಮತ್ತೊಮ್ಮೆ ಓದೆಂದಳು. ಹುಡುಗಿಯು ಮತ್ತೊಮ್ಮೆ ಓದಿದಳು. ನನ್ನ ಬಸ್ಸು ಹೋಯಿತು, ಮುಂದಿನದಕ್ಕೆ ಹೋದೆನು.

ಆ ಗ್ರಂಥಾಲಯದ ಮೇಲ್ವಿಚಾರಕಿಯು ಆ ಊರವಳೇ. ಪ್ರತಿ ವಾರ ಒಂದು ದಿನ ಕಥೆ ಹೇಳುವದು, ಒಂದು ದಿನ ಗಟ್ಟಿಯಾಗಿ ಓದಿಸುವದು, ಸಂವಿಧಾನದ ಪೀಠಿಕೆಯನ್ನು ಬಾಯಿಪಾಠ ಮಾಡಿಸುವದು, ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ತಾಯಂದಿರನ್ನು ಕರೆಸಿ ಮಕ್ಕಳಿಂದ ನಾಟಕವಾಡಿಸುವದು, ಇವನ್ನೆಲ್ಲ ಅವಳು ಯಾರ ಬಲವಂತವೂ ಇಲ್ಲದೆ ನಡೆಸುತ್ತಿದ್ದಳು. ಪರೀಕ್ಷೆಗೆ ಕೂಡುವ ತರುಣರಿಗೂ ಪಿಂಚಣಿಯ ಅರ್ಜಿ ತುಂಬುವ ಮುದುಕರಿಗೂ ಅದೇ ಕೋಣೆ, ಅವಳೇ ದಿಕ್ಕು. ಗಣಕಯಂತ್ರವೊಂದಿತ್ತು, ಮಕ್ಕಳು ಸರದಿ ಹಚ್ಚಿ ನೋಡುತ್ತಿದ್ದರು. ಇನ್ನೊಂದೂರಿನಲ್ಲಿ ನಾನು ಕಂಡ ಯಂತ್ರವಾದರೋ, ಉದ್ಘಾಟನೆಯ ದಿನ ಹೊದಿಸಿದ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯದೆ, ಅರಿಶಿನ ಕುಂಕುಮಗಳೊಡನೆ ಕುಳಿತಿದ್ದಿತು. ಎರಡೂ ಊರಿಗೆ ಬಂದ ಸಲಕರಣೆ ಒಂದೇ; ನಡುವಿನ ವ್ಯತ್ಯಾಸವೆಲ್ಲ ಮೇಲ್ವಿಚಾರಕರದು. ಇಂಥವರನ್ನು ಸರಕಾರವು ಬಹುಕಾಲ ಗೌರವಧನದ ಮೇಲೆಯೇ ದುಡಿಸಿಕೊಂಡಿದೆ. ಗೌರವಧನವೆಂಬ ಶಬ್ದವನ್ನು ಕಂಡಲ್ಲೆಲ್ಲ ವಾಚಕರು ಗೌರವವನ್ನೂ ಧನವನ್ನೂ ಬೇರೆ ಬೇರೆ ಹುಡುಕಿ ನೋಡಬೇಕು. ಅನೇಕ ಸಲ ಎರಡೂ ಸಿಗುವದಿಲ್ಲ.

ಇನ್ನು ನಾನು ಮರೆಯಲಾರದ ಒಂದು ಶಬ್ದವಿದೆ. ಈ ಹಳ್ಳಿಯ ಗ್ರಂಥಾಲಯಗಳಿಗೆ ಪುಸ್ತಕಗಳನ್ನು ಕೂಡಿಸಲು ಹಲವು ಕಡೆ ‘ಪುಸ್ತಕ ಜೋಳಿಗೆ’ ಎಂಬ ಅಭಿಯಾನವು ನಡೆಯಿತು. ಮೇಲ್ವಿಚಾರಕರೂ ಪಂಚಾಯತಿಯವರೂ ಹೆಗಲಿಗೆ ಜೋಳಿಗೆಯನ್ನು ಹಾಕಿಕೊಂಡು ಮನೆಮನೆಗೆ ಹೋಗಿ ಪುಸ್ತಕಗಳನ್ನು ಬೇಡಿದರು, ಜನರು ಕೊಟ್ಟರು. ಜೋಳಿಗೆಯು ನಮ್ಮಲ್ಲಿ ಹೀನವಾದದ್ದಲ್ಲ, ಜಂಗಮರ ಹೆಗಲ ಮೇಲಿದ್ದ ವಸ್ತು ಅದು. ಬೇಡಿದವರನ್ನೂ ಕೊಟ್ಟವರನ್ನೂ ನಾನು ಮನಸಾ ವಂದಿಸುತ್ತೇನೆ. ಆದರೆ ನನ್ನ ರಸೀದಿಯನ್ನು ನೆನೆಯಿರಿ. ಗ್ರಂಥಾಲಯ ಕರದ ಕೆಳಗಿನ ಸಾಲಿನಲ್ಲಿ ಭಿಕ್ಷುಕರ ಕರವಿದೆ. ಪುಸ್ತಕಕ್ಕೆಂದು ಆರು ಪೈಸೆಯನ್ನು ಕಾಯಿದೆಯ ಬಲದಿಂದ ಕಿತ್ತುಕೊಂಡ ನಾಡಿನಲ್ಲಿ ಪುಸ್ತಕವನ್ನು ಕಾಯುವವಳು ಜೋಳಿಗೆ ಹಿಡಿದು ಬೀದಿಗಿಳಿಯಬೇಕೆ? ಕೊಡುಗೈಯವರು ಒಂದು ಸಲ ಕೊಟ್ಟ ಕರವನ್ನೇ ಎರಡನೆಯ ಸಲ ಪುಸ್ತಕರೂಪವಾಗಿ ಕೊಟ್ಟರೆಂಬದನ್ನು ಯಾವ ಅಧಿಕಾರಿಯೂ ಸಭೆಗಳಲ್ಲಿ ಹೇಳಲಿಲ್ಲ. ಅಲ್ಲದೆ, ದಾನವಾಗಿ ಬಂದ ಪುಸ್ತಕಗಳ ರಾಶಿಯನ್ನು ನೋಡಿದವರಿಗೆ ಗೊತ್ತು, ಹತ್ತರಲ್ಲಿ ನಾಲ್ಕು ಹಳೆಯ ಪಠ್ಯಪುಸ್ತಕಗಳು, ಎರಡು ಹರಿದ ಪಂಚಾಂಗಗಳು. ಮಗುವು ಓದಬೇಕಾದ ಪುಸ್ತಕವನ್ನು ಆರಿಸಿ ಕೊಳ್ಳಬೇಕು. ಕೊಳ್ಳಲು ಹಣ ಬೇಕು.

ಕೊಳ್ಳುವ ಮಾತು ಬಂದಿತು. ಅದರ ಪೆಟ್ಟು ಎಲ್ಲಿ ಬೀಳುತ್ತದೆಂಬದನ್ನು ಹೇಳುತ್ತೇನೆ. ಕನ್ನಡ ಪುಸ್ತಕಗಳನ್ನು ಇಲಾಖೆಯು ಸಗಟಾಗಿ, ಆಯ್ಕೆಯಾದ ಒಂದೊಂದರ 300 ಪ್ರತಿಗಳಂತೆ, ಕೊಳ್ಳುವ ಪದ್ಧತಿಯಿದೆ. ಸಾವಿರ ಪ್ರತಿಗಳನ್ನು ಅಚ್ಚುಹಾಕಿಸುವ ಸಣ್ಣ ಪ್ರಕಾಶಕನಿಗೆ ಆ 300 ಪ್ರತಿಗಳೇ ಕಾಗದದ ಅಂಗಡಿಯ ಸಾಲವನ್ನು ತೀರಿಸುವ ಆಧಾರ. ಕರವು ಬಾಕಿಯಾದರೆ ಖರೀದಿ ನಿಲ್ಲುತ್ತದೆ. ಖರೀದಿಯಾದರೂ ಹಣವು ತಡವಾಗುತ್ತದೆ. ಬೆಂಗಳೂರಿನ ಮನೆಯೊಡೆಯನು ಕೊಟ್ಟ ಆರು ಪೈಸೆಯು ನಡುಹಾದಿಯಲ್ಲಿ ನಿಂತುದರಿಂದ ಧಾರವಾಡದ ಮುದ್ರಣಯಂತ್ರವು ನಿಂತಿತು, ರಾಯಚೂರಿನ ಹೊಸ ಕವಿಯ ಹಸ್ತಪ್ರತಿಯು ಪೆಟ್ಟಿಗೆಯಲ್ಲಿ ಉಳಿಯಿತು. ಭಾಷೆಯ ಅಭಿಮಾನದ ಭಾಷಣಗಳನ್ನು ನವೆಂಬರಿನಲ್ಲಿ ಕೇಳುವಾಗ ನನಗೆ ಈ ಲೆಕ್ಕವೇ ನೆನಪಾಗುತ್ತದೆ. ಧ್ವಜದ ಖರ್ಚು ಸಕಾಲಕ್ಕೆ ಸಂದಾಯವಾಗುತ್ತದೆ, ಅದರಲ್ಲಿ ಲೋಪವಿಲ್ಲ.

ಮೊಬೈಲಿನ ಕಾಲದಲ್ಲಿ ಗ್ರಂಥಾಲಯವೇಕೆ ಎಂಬ ಪ್ರಶ್ನೆಗೂ ಎರಡು ಮಾತು. 2020ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು ಆರಂಭವಾಯಿತು. ಕೈಯಂತ್ರದಲ್ಲಿಯೇ ಪುಸ್ತಕಗಳನ್ನು ಓದಬಹುದು. ಒಳ್ಳೆಯದಾಯಿತು. ಅದನ್ನು ತೆಗಳುವಷ್ಟು ಹಳಬನು ನಾನಲ್ಲ. ಆದರೆ ಅದೊಂದು ಹೊಸ ಕಪಾಟೇ ಹೊರತು ಹೊಸ ಗ್ರಂಥಾಲಯವಲ್ಲ. ಮನೆಯಲ್ಲಿ ಒಂದೇ ಮೊಬೈಲಿದ್ದು, ಅದೂ ತಂದೆಯೊಡನೆ ಹೊಲಕ್ಕೋ ದುಡಿಮೆಗೋ ಹೋಗಿರುವಾಗ, ಹುಡುಗಿಯು ಓದುವದು ಯಾವುದರಲ್ಲಿ? ಆ ಅಜ್ಜಿಯೂ ಮೊಮ್ಮಗಳೂ ಕುಳಿತ ಮೆಟ್ಟಿಲನ್ನು ಯಾವ ಯಂತ್ರವು ಕಳುಹಿಸಿಕೊಟ್ಟೀತು? ಪಟ್ಟಣದ ವಾಚನಾಲಯಗಳಿಗೆ ಜನರು ಬರುವದಿಲ್ಲವೆಂಬ ಮಾತಂತೂ ಶುದ್ಧ ಸುಳ್ಳು. ಧಾರವಾಡದಲ್ಲಿಯಾಗಲಿ ಬೆಂಗಳೂರಿನ ವಿಜಯನಗರದಲ್ಲಿಯಾಗಲಿ ಸ್ಪರ್ಧಾ ಪರೀಕ್ಷೆಗಳಿಗೆ ಓದುವ ತರುಣರು ಕುರ್ಚಿಗಾಗಿ ಬೆಳಗಿನಿಂದಲೇ ಸರದಿ ನಿಲ್ಲುವದನ್ನು ನೋಡಿರಿ. ಹಿರಿಯ ಸಾಹಿತಿಗಳು ಕೆಲವರು ಇವರನ್ನು ಕಂಡು ಮೂಗುಮುರಿಯುವರು, ಇವರು ಓದುವದು ಸಾಹಿತ್ಯವಲ್ಲವಂತೆ. ಬಾಡಿಗೆಯ ಕೋಣೆಯಲ್ಲಿ ಐವರೊಡನೆ ಮಲಗುವ ರೈತನ ಮಗನಿಗೆ ದೀಪ, ಗಾಳಿ, ಮೌನ ಇವು ಮೂರೂ ಪುಕ್ಕಟೆಯಾಗಿ ಸಿಗುವ ಸ್ಥಳವು ಊರಿನಲ್ಲಿ ಇದೊಂದೇ. ಅವನು ಇಂದು ಪ್ರಶ್ನೋತ್ತರದ ಪುಸ್ತಕವನ್ನು ಓದಲಿ. ಪಕ್ಕದ ಕಪಾಟಿನಲ್ಲಿ ಒಳ್ಳೆಯ ಕಾದಂಬರಿ ಇದ್ದರೆ ನಾಳೆ ಕೈಚಾಚಿಯಾನು. ಇರಬೇಕಷ್ಟೆ.

ನೆರೆಹೊರೆಯವರು ಈ ಕೆಲಸವನ್ನು ಹೇಗೆ ಮಾಡಿದರೆಂಬದನ್ನು ನೋಡೋಣ. ಬಡೋದೆಯ ಸಯಾಜಿರಾವ ಗಾಯಕವಾಡರು 1910ರಲ್ಲಿ ಅಮೇರಿಕೆಯಿಂದ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿ, ಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟು ಹಳ್ಳಿಹಳ್ಳಿಗೆ ಕಳುಹಿಸುವ ಏರ್ಪಾಡು ಮಾಡಿದರು. ಹಳ್ಳಿಗರು ಗ್ರಂಥಾಲಯಕ್ಕೆಂದು ಕೂಡಿಸಿದಷ್ಟೇ ಹಣವನ್ನು ಪ್ರಾಂತ ಪಂಚಾಯತಿಯೂ ಸಂಸ್ಥಾನವೂ ಸೇರಿಸುತ್ತಿದ್ದವು. ಒಂದು ರೂಪಾಯಿ ಮೂರಾಗುತ್ತಿತ್ತು. ನಮ್ಮಲ್ಲಿ ಒಂದು ರೂಪಾಯಿ ಹೊರಟು ಎಷ್ಟಾಗಿ ಮುಟ್ಟುತ್ತದೆಂಬದನ್ನು ವಾಚಕರೇ ಹೇಳಲಿ. ಆಂಧ್ರರು 1914ರಲ್ಲಿಯೇ ಬೆಜವಾಡೆಯಲ್ಲಿ ಗ್ರಂಥಾಲಯಗಳ ಸಮ್ಮೇಲನವನ್ನು ನೆರೆಸಿದರು; 1935ರಲ್ಲಿ ಕೃಷ್ಣಾ ನದೀಮುಖದ ಕಾಲುವೆಯಲ್ಲಿ ದೋಣಿಯ ಮೇಲೆ ಪುಸ್ತಕಗಳನ್ನು ತೇಲಿಸಿ ದಡದ ಹಳ್ಳಿಗಳಿಗೆ ಮುಟ್ಟಿಸಿದರು. ಅವರು 1901ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಗ್ರಂಥಾಲಯಕ್ಕೆ ಇಟ್ಟ ಹೆಸರು ಯಾರದು ಬಲ್ಲಿರಾ? ನಮ್ಮ ವಿಜಯನಗರದ ಕೃಷ್ಣದೇವರಾಯನದು! ನಾವು ಅವನ ಹೆಸರಿನಿಂದ ಜಯಘೋಷವನ್ನು ಮಾಡಿದೆವು, ಅವರು ಪುಸ್ತಕಗಳನ್ನು ಕೂಡಿಸಿದರು. ತಿರುವಾಂಕೂರಿನಲ್ಲಿ ಪಿ. ಎನ್. ಪಣಿಕ್ಕರ್ ಎಂಬ ಒಬ್ಬ ಶಾಲಾಮಾಸ್ತರರು 1945ರಲ್ಲಿ 47 ವಾಚನಾಲಯಗಳನ್ನು ಒಂದು ಸಂಘವಾಗಿ ಕಟ್ಟಿದರು. ಕೇರಳದ ಇಂದಿನ ಗ್ರಂಥಾಲಯ ಜಾಲಕ್ಕೆ ಅದೇ ಬೇರು. ಒಬ್ಬ ಮಾಸ್ತರರು! ಈ ಪತ್ರಿಕೆಯನ್ನು ಓದುವ ಮಾಸ್ತರರ ಗಮನಕ್ಕೆ ಇದನ್ನು ವಿಶೇಷವಾಗಿ ತರುತ್ತೇನೆ.

ನಮ್ಮವರು ಏನೂ ಮಾಡಲಿಲ್ಲವೆಂದು ಹೇಳುವವನು ಕೃತಘ್ನನು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದಾಗ, ಈ ಭಾಗದ ಓದುಬಲ್ಲವರ ಕೈಯಲ್ಲಿ ಕನ್ನಡ ಪುಸ್ತಕವೇ ಇರಲಿಲ್ಲವೆನ್ನಬಹುದು. ಪುಸ್ತಕಗಳನ್ನು ಬರೆಯಿಸಿ, ಬಹುಮಾನ ಕೊಟ್ಟು, ಅಚ್ಚುಹಾಕಿಸುವದೇ ಅವರ ಮೊದಲ ಉದ್ಯೋಗವಾಯಿತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಡೆದಾಡುವ ಗ್ರಂಥಾಲಯವೆಂದರೆ ಅವರೇ. ಮೈಸೂರಿನ ಸರಕಾರವು ಬೆಂಗಳೂರಿನಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವನ್ನು 1915ರಲ್ಲಿ ಕಟ್ಟಿತು; ಕಬ್ಬನ್ ಉದ್ಯಾನದ ಆ ಕೆಂಪು ಕಟ್ಟಡದಲ್ಲಿ ಇಂದಿಗೂ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಂದೆಯಾದ ರಂಗನಾಥನ್‌ರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಪುಸ್ತಕವು ಕಾಪಿಡಲಿಕ್ಕಲ್ಲ, ಬಳಸಲಿಕ್ಕೆ ಎಂಬದನ್ನೇ ತಮ್ಮ ಪಂಚಸೂತ್ರಗಳಲ್ಲಿ ಮೊದಲನೆಯದಾಗಿ ಅವರು 1931ರಲ್ಲಿ ಸಾರಿದ್ದರು. ಇಂಥವರು ನಡೆದಾಡಿದ ಊರಿನಲ್ಲಿಯೇ ಅತಿ ದೊಡ್ಡ ಬಾಕಿಯು ಬೆಳೆದದ್ದು ಸೋಜಿಗವೇ ಸರಿ.

ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆನು. ಮೈಸೂರಿನ ರಾಜೀವನಗರದಲ್ಲಿ ಸಯ್ಯದ್ ಇಸಾಕ್ ಎಂಬವರು ಓದುಬರಹ ಕಲಿಯುವ ಭಾಗ್ಯವಿಲ್ಲದೆ ಬೆಳೆದವರು, ಕೂಲಿ ಮಾಡಿ ಜೀವಿಸುವವರು. ತನಗೆ ಸಿಗದ ಅಕ್ಷರವು ಓಣಿಯ ಮಕ್ಕಳಿಗಾದರೂ ಸಿಗಲೆಂದು ತಮ್ಮ ದುಡಿಮೆಯ ಹಣದಿಂದಲೇ ಒಂದು ಗ್ರಂಥಾಲಯವನ್ನು ನಡೆಸಿದರು. ಹನ್ನೊಂದು ಸಾವಿರ ಪುಸ್ತಕಗಳು ಕೂಡಿದವು, ಬಹುಪಾಲು ಕನ್ನಡದವು. 2021ರ ಏಪ್ರಿಲಿನಲ್ಲಿ ಒಂದು ಮುಂಜಾವಿನಲ್ಲಿ ಅದೆಲ್ಲವೂ ಸುಟ್ಟು ಬೂದಿಯಾಯಿತು. ಸುದ್ದಿಯನ್ನು ಓದಿ ನಾಡಿನ ಮೂಲೆಮೂಲೆಗಳಿಂದ ಜನರು ಹಣವನ್ನೂ ಪುಸ್ತಕಗಳನ್ನೂ ಕಳುಹಿಸಿದರು. ಈ ಸಂಗತಿಯನ್ನು ಜನರ ಔದಾರ್ಯದ ಉದಾಹರಣೆಯಾಗಿ ಎಲ್ಲರೂ ಹೇಳಿದರು, ಹೇಳತಕ್ಕದ್ದೇ. ನನಗೆ ಮಾತ್ರ ಇನ್ನೊಂದು ವಿಚಾರವು ಬಿಡದೆ ಕಾಡುತ್ತದೆ. ತನ್ನ ಕೂಲಿಯ ಹಣದಲ್ಲಿ ಒಬ್ಬನು ಪುಸ್ತಕದ ಪಾಲನ್ನು ತೆಗೆದಿಡುತ್ತಾನೆ, ಯಾವ ಕಾಯಿದೆಯೂ ಅವನಿಗೆ ಅದನ್ನು ವಿಧಿಸಿರುವದಿಲ್ಲ. ಕಾಯಿದೆಯು ವಿಧಿಸಿದ ಸಂಸ್ಥೆಯು, ಅದೂ ಪರರ ಹಣವನ್ನು, ಕೊಡಲಾರೆನೆನ್ನುತ್ತದೆ.

ಗಡಿಯಾಚೆಯ ಕನ್ನಡಿಗರ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವೆನು. 1956ರಲ್ಲಿ ನಾಡು ಕೂಡಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು; ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕನ್ನಡಿಗರು ಅತ್ತಕಡೆಗೆ ಉಳಿದರು. ಅಲ್ಲಿಯ ಕನ್ನಡ ಶಾಲೆಯ ಮಗುವಿಗೆ ಪಠ್ಯಪುಸ್ತಕದ ಹೊರಗೆ ಒಂದು ಕನ್ನಡ ಕಥೆಯ ಪುಸ್ತಕವು ಸಿಗಬೇಕಾದರೆ, ಕನ್ನಡ ಪುಸ್ತಕವು ಮೊದಲು ಅಚ್ಚಾಗಬೇಕು, ಆಮೇಲೆ ಅಗ್ಗವಾಗಿ ದೊರೆಯಬೇಕು. ಒಳನಾಡಿನ ಗ್ರಂಥಾಲಯಗಳು ಕೊಳ್ಳದೆ ಹೋದರೆ ಎರಡೂ ಆಗುವದಿಲ್ಲ. ಗಡಿಯ ನಕಾಶೆಯನ್ನು ಹಿಡಿದು ಘೋಷಣೆ ಕೂಗುವ ತರುಣ ಮಿತ್ರರು ಈ ಹಾದಿಯನ್ನೂ ಒಮ್ಮೆ ನೋಡಬೇಕೆಂದು ನನ್ನ ವಿಜ್ಞಾಪನೆಯು.

ತಪ್ಪು ಪೌರಸಭೆಗಳದೊಂದೇ ಎಂದರೆ ನಾನು ನನ್ನ ಕಕ್ಷಿಯನ್ನು ಬಚ್ಚಿಟ್ಟಂತಾಗುವದು. ನನ್ನ ಕಕ್ಷಿಯೆಂದರೆ ನಾನೂ ನೀವೂ, ಓದುಬಲ್ಲ ಪಟ್ಟಣಿಗರು. ಇಪ್ಪತ್ತು ವರ್ಷ ಈ ಕರವನ್ನು ತುಂಬಿದೆನು. ಒಮ್ಮೆಯೂ ಎಲ್ಲಿ ಹೋಯಿತೆಂದು ಕೇಳಲಿಲ್ಲ. ಊರ ವಾಚನಾಲಯದ ಹೊಸ್ತಿಲನ್ನು ಹತ್ತು ವರ್ಷಗಳಿಂದ ದಾಟಿರಲಿಲ್ಲ. ನಮ್ಮ ಮಕ್ಕಳಿಗೆ ನಾವು ಪುಸ್ತಕಗಳನ್ನು ಕೊಂಡು ಕೊಡಬಲ್ಲೆವು, ಆದುದರಿಂದ ಗ್ರಂಥಾಲಯವು ಬಡವರ ಅನ್ನಛತ್ರವೆಂದು ತಿಳಿದೆವು. ಛತ್ರದ ಅನ್ನವು ಹಳಸಿದರೆ ಉಣ್ಣದವನಿಗೆ ಗೊತ್ತಾಗುವದೆಂತು? ಒಳಗೆ ಹೋಗಿ ಕುಳಿತುಕೊಳ್ಳುವ ವಕೀಲನೂ ವೈದ್ಯನೂ ಮಾಸ್ತರನೂ ಇಲ್ಲದ ವಾಚನಾಲಯದ ಮಾಳಿಗೆಯು ಸೋರಿದರೆ ದೂರು ಕೊಡುವವರು ಯಾರೂ ಇರುವದಿಲ್ಲ.

ಏನು ಮಾಡತಕ್ಕದ್ದು? ದೊಡ್ಡ ಚಳುವಳಿ ಬೇಡ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕವನ್ನು ಕಟ್ಟಿ ಒಂದು ಪುಟದ ಅರ್ಜಿಯನ್ನು ಕೊಡಬೇಕು: ಕಳೆದ ಐದು ವರ್ಷಗಳಲ್ಲಿ ಈ ಊರಿನಲ್ಲಿ ಗ್ರಂಥಾಲಯ ಕರವೆಂದು ವಸೂಲಾದ ಹಣವೆಷ್ಟು, ಪ್ರಾಧಿಕಾರಕ್ಕೆ ಸಂದದ್ದೆಷ್ಟು, ಯಾವ ತಾರೀಖಿನಂದು. ಮೂವತ್ತು ದಿನಗಳೊಳಗಾಗಿ ಉತ್ತರವನ್ನು ಕೊಡಲೇಬೇಕು. ಆ ಉತ್ತರವನ್ನು ವಾಚನಾಲಯದ ಬಾಗಿಲಿಗೆ ಹಚ್ಚಬೇಕು. ಪತ್ರಿಕೆ ಓದಲು ಬರುವವರು ಅದನ್ನೂ ಓದಲಿ. ವಾರ್ಡಿನ ಸದಸ್ಯರು ಮತ ಕೇಳಲು ಬಂದಾಗ ಅವರನ್ನು ಆ ಬಾಗಿಲಿನವರೆಗೆ ಕರೆದುಕೊಂಡು ಹೋಗಬೇಕು. ಮಾಸ್ತರರಾದವರು ಶನಿವಾರದ ಮಧ್ಯಾಹ್ನ ತಮ್ಮ ತರಗತಿಯನ್ನು ಸಾಲುಹಿಡಿಸಿ ಗ್ರಂಥಾಲಯಕ್ಕೆ ನಡೆಸಿಕೊಂಡು ಹೋಗಿ ಎಲ್ಲರನ್ನೂ ಸದಸ್ಯರನ್ನಾಗಿ ಮಾಡಿಸಬೇಕು. ಐವತ್ತು ಮಕ್ಕಳು ಒಮ್ಮೆಲೇ ಪುಸ್ತಕ ಕೇಳಿದ ದಿನ ಬರಿದಾದ ಕಪಾಟು ತಾನೇ ಮಾತಾಡುವದು. ಮೇಲ್ವಿಚಾರಕರೊಡನೆ ಜಗಳ ಬೇಡ. ಅವರು ನಮ್ಮ ಕಡೆಯ ಸಾಕ್ಷಿದಾರರು.

ನನ್ನ ಅರ್ಜಿಯನ್ನು ಕೊಟ್ಟು ಇಂದಿಗೆ ಹತ್ತೊಂಬತ್ತು ದಿನಗಳಾದವು. ಒಳಬಂದ ಪತ್ರಗಳ ಪುಸ್ತಕದಲ್ಲಿ ಅದಕ್ಕೆ ಅಂಕಿಯನ್ನು ಹಾಕಿ, ಅದೇ ಕಿಟಕಿಯ ಗುಮಾಸ್ತರು, ಈ ಸಲ ಎದ್ದು ನಿಂತು, ಸ್ವೀಕೃತಿಯ ಚೀಟಿಯನ್ನು ಕೊಟ್ಟಿದ್ದಾರೆ. ಇನ್ನು ಹನ್ನೊಂದು ದಿನಗಳು ಉಳಿದಿವೆ. ಬಂದ ಉತ್ತರವನ್ನು, ಬಾರದಿದ್ದರೆ ಬಾರದ ಸಂಗತಿಯನ್ನು, ಇದೇ ಪತ್ರಿಕೆಯ ಮೂಲಕ ವಾಚಕರ ಮುಂದಿಡುವೆನು.